ಕ್ರೀಡಾಜೀರ್ಣೋದ್ಧಾರ ವಿಚಾರ

೧

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು (ಆಳ್ವಿಕೆ ಕ್ರಿ.ಶ. ೧೧೨೬–೧೧೩೮) ರಚಿಸಿದ ‘ಮಾನಸೋಲ್ಲಾಸ’ವು ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳುಳ್ಳ ಗ್ರಂಥವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಇದಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಉಂಟು. ಇದರ ಕಡೆಯ ವಿಂಶತಿಯು ಕ್ರೀಡೆಗಳಿಗೆ ಮೀಸಲಾದುದು. ವನಕ್ರೀಡೆ, ಜಲಕ್ರೀಡೆ ಮೊದಲಾದುವುಗಳ ಜತೆಗೆ ಪ್ರಹೇಲಿಕಾ, ಚತುರಂಗ, ಪಾಶಕ, ವರಾಟಿಕಾ, ಫಂಜಿಕಾ ಎಂಬ ಕುಳಿತಾಡುವ ಆಟಗಳೂ ಅಲ್ಲಿ ನಿರೂಪಿತವಾಗಿವೆ. ರಾಜನೀತಿಯನ್ನೂ ವೈದ್ಯವನ್ನೂ ಸಂಗೀತವನ್ನೂ ಹೇಳಿದ ಲೇಖನಿಯೇ ಕವಡೆಯಾಟವನ್ನೂ ಹೇಳಿತೆಂಬುದು ಗಮನಾರ್ಹವಾದ ಸಂಗತಿ. ಆ ಕಲ್ಯಾಣವೇ ಈಗಿನ ಬಸವಕಲ್ಯಾಣ. ನಾವು ವಾಸಮಾಡುವ ಮೆಹಕರವಿರುವ ಭಾಲ್ಕಿ ತಾಲೂಕಿಗೆ ನೆರೆಯ ತಾಲೂಕು.

ಈ ಗ್ರಂಥದ ಕ್ರೀಡಾಭಾಗವನ್ನು ಓದುವಾಗ ಒಂದು ತೊಡಕು ಪದೇಪದೇ ಎದುರಾಗುತ್ತದೆ. ಆಟವನ್ನು ಬಲ್ಲವನಿಗಾಗಿ ಬರೆದ ಲಕ್ಷಣವಾದುದರಿಂದ, ಬಲ್ಲವರು ಇಲ್ಲವಾದ ಮೇಲೆ ಲಕ್ಷಣವೂ ಮಸುಕಾಗಿದೆ. ಫಂಜಿಕೆಯೆಂಬ ಹೆಸರನ್ನು ಭಾಲ್ಕಿ, ಔರಾದ, ಬೀದರಗಳಲ್ಲಿ ನಾವು ಕೇಳಿದವರಾರೂ ಅರಿಯರು. ಸೂತ್ರ ಉಳಿದು ಪ್ರಯೋಗ ಅಳಿದರೆ ಆಟಕ್ಕೆ ಒದಗುವ ಗತಿ ಇದು. ಹಾಗೆಯೇ ಪ್ರಯೋಗ ಮಾತ್ರ ಉಳಿದು ಸೂತ್ರವನ್ನು ಯಾರೂ ಬರೆದಿಡದಿದ್ದರೆ, ಆಡುವವರ ಕೊನೆಯ ತಲೆಮಾರಿನೊಡನೆ ಅದೂ ಅಳಿಯುವುದು.

ಈ ವಿಚಾರವನ್ನು ಈಗ ಎತ್ತಲು ಕಾರಣವಿದೆ. ಕಳೆದ ನಲವತ್ತು ಐವತ್ತು ವರ್ಷಗಳಲ್ಲಿ ಗಣಕಯಂತ್ರಗಳ ಮೇಲೆ ಹುಟ್ಟಿದ ವೀಡಿಯೋ ಆಟಗಳಿಗೂ ಈಗ ಮುಪ್ಪು ಬಂದಿದೆ. ಅವುಗಳನ್ನು ಹೊಸ ಪೀಳಿಗೆಯ ಆಟಗಾರರಿಗಾಗಿ ಮತ್ತೆ ರಚಿಸುವ ಉದ್ಯಮವು ಜಗತ್ತಿನಲ್ಲಿ ದೊಡ್ಡದಾಗಿ ಬೆಳೆದಿದೆ. ಹಳೆಯದನ್ನು ಹೊಸದಾಗಿ ಮಾಡುವಾಗ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ಪ್ರಶ್ನೆ ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಹೊಸದಲ್ಲ. ಆ ಶಾಸ್ತ್ರದ ಬೆಳಕಿನಲ್ಲಿ ಈ ಉದ್ಯಮವನ್ನು ಪರೀಕ್ಷಿಸಿ, ನಮ್ಮ ಸೀಮೆಯ ಆಟಗಳ ವಿಷಯದಲ್ಲಿ ನಾವು ಮಾಡಬೇಕಾದುದೇನೆಂಬುದನ್ನು ಸೂಚಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಮನೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಂದು ಸಂಜೆ ನೆರೆಮನೆಯ ಕಟ್ಟೆಯ ಮೇಲೆ ವೃದ್ಧೆಯೊಬ್ಬರು ಸುಣ್ಣದ ಕಡ್ಡಿಯಿಂದ ಚೌಕಾಬಾರದ ಮನೆ ಬರೆದು ಮೊಮ್ಮಗನಿಗೆ ಆಟ ಕಲಿಸುತ್ತಿದ್ದರು. ಹುಡುಗನು ಕಾಯಿಯನ್ನು ಒಳಸುತ್ತಿಗೆ ನಡೆಸಹೋದಾಗ ಆಕೆ ತಡೆದರು. “ಆಯಿ, ಹೊಡೀಲಾರ್ದೆ ಯಾಕ ಒಳಗ ಹೋಗಬಾರ್ದು? ಫೋನಿನ್ಯಾಗ ಹಂಗೇನಿಲ್ಲ” ಎಂದು ಅವನು ವಾದಿಸಿದನು. “ಹೊರಗ ಒಬ್ಬರಿಗರೆ ಹೊಡದು ಬಂದವರಿಗೇ ಒಳಗಿನ ಹಾದಿ. ಇಲ್ಲಂದ್ರ ಕಾಯಿ ಹಣ್ಣಾಗಂಗಿಲ್ಲ” ಎಂದು ಆಕೆ ಉತ್ತರವಿತ್ತರು. ಅಲ್ಲಿಯವರೆಗೆ ಆಟಗಳು ಸಂಶೋಧನೆಗೆ ತಕ್ಕ ವಿಷಯವಲ್ಲವೆಂದೇ ಭಾವಿಸಿದ್ದ ನಮಗೆ, ಆ ಹುಡುಗನ ಆಕ್ಷೇಪವು ಶುದ್ಧ ಪಾಠಾಂತರದ ಪ್ರಶ್ನೆಯೆಂದು ಹೊಳೆಯಿತು. ಅವನ ಕೈಯಲ್ಲಿ ಒಂದು ಪಾಠವಿತ್ತು, ಅಜ್ಜಿಯ ಬಾಯಲ್ಲಿ ಇನ್ನೊಂದು.

ಚೌಕಾಬಾರದ ಮಣೆಯಲ್ಲಿ ಇಪ್ಪತ್ತೈದು ಮನೆಗಳು. ಹೊರಸುತ್ತು ಹದಿನಾರು, ಒಳಸುತ್ತು ಎಂಟು, ನಡುವೆ ಒಂದು. ಕಾಯಿಯು ಹೊರಗೆ ಒಂದು ದಿಕ್ಕಿನಲ್ಲಿ ಸುತ್ತಿ, ಒಳಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿ, ನಡುಮನೆಯನ್ನು ಸೇರಿ ‘ಹಣ್ಣಾಗು’ತ್ತದೆ. ನಾಲ್ಕು ಕವಡೆಗಳನ್ನು ಚೆಲ್ಲಿದಾಗ ಅಂಗಾತ ಬಿದ್ದವುಗಳ ಎಣಿಕೆಯೇ ಗರ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಒಂದೊಂದು ಕವಡೆಯೂ ಎರಡು ಬಗೆಯಾಗಿ ಬೀಳುವುದರಿಂದ ಒಟ್ಟು ಹದಿನಾರು ಸಂಭವಗಳು. ಎರಡೂ ಬಗೆಗಳು ಸಮಾನವೆಂದಿಟ್ಟುಕೊಂಡರೆ, ಎರಡರ ಗರವು ಆರು ಸಲ, ಒಂದು ಮತ್ತು ಮೂರರ ಗರಗಳು ನಾಲ್ಕು ನಾಲ್ಕು ಸಲ, ನಾಲ್ಕು ಮತ್ತು ಎಂಟರ ಗರಗಳು ಒಂದೊಂದೇ ಸಲ ಬರತಕ್ಕವು. ನಿಜವಾದ ಕವಡೆಯ ಬೆನ್ನು ಉಬ್ಬಿರುವುದರಿಂದ ಈ ಪ್ರಮಾಣ ತುಸು ವಾಲುತ್ತದೆ. ಆದರೂ ಚೌಕವೂ ಬಾರವೂ ವಿರಳವಾಗಿರುವುದು ಈ ಆಟದ ಸ್ವಭಾವ. ಹೆಸರೇ ಆ ಎರಡು ದುರ್ಲಭ ಗರಗಳಿಂದ ಬಂದಿದೆ. ಅವು ಬಿದ್ದಾಗ ಏಳುವ ಕೇಕೆಗೆ ಕಾರಣವೂ ಅದೇ.

ಈಗ ಹುಡುಗನ ಪಾಠವನ್ನು ನೋಡೋಣ. ಚೌಕಾಬಾರಕ್ಕೆ ಹತ್ತಿರದ ಸಂಬಂಧಿಯಾದ ಪಚ್ಚೀಸಿಯನ್ನು ಇಂಗ್ಲೆಂಡಿನವರು ತಮ್ಮ ದೇಶಕ್ಕೊಯ್ದು ಮಾರ್ಪಡಿಸಿ, ೧೮೯೬ರಲ್ಲಿ ‘ಲೂಡೋ’ ಎಂಬ ಹೆಸರಿನಿಂದ ಹಕ್ಕುಪತ್ರ ಪಡೆದರು. ಕವಡೆಗಳ ಸ್ಥಾನದಲ್ಲಿ ಆರು ಮುಖದ ದಾಳ ಬಂತು. ಎದುರುಬದುರು ಕುಳಿತ ಇಬ್ಬರು ಜತೆಗಾರರಾಗಿ ಆಡುವ ಪದ್ಧತಿ ಹೋಗಿ ಪ್ರತಿಯೊಬ್ಬನೂ ತನ್ನ ಪಾಡಿಗೆ ತಾನಾದನು. ಈ ರೂಪವೇ ಭಾರತಕ್ಕೆ ಮರಳಿ, ನವೀ ಮುಂಬಯಿಯ ಸಂಸ್ಥೆಯೊಂದು ೨೦೧೬ರಲ್ಲಿ ಹೊರತಂದ ‘ಲೂಡೋ ಕಿಂಗ್’ ಎಂಬ ಮೊಬೈಲ್ ಆಟವಾಯಿತು. ೨೦೨೦ರ ಲಾಕ್‌ಡೌನಿನ ಕಾಲದಲ್ಲಿ ಮನೆಮನೆಗೂ ಹಬ್ಬಿದ ಅದನ್ನು ಇಳಿಸಿಕೊಂಡವರ ಸಂಖ್ಯೆ ಹತ್ತಾರು ಕೋಟಿ.

ದಾಳದಲ್ಲಿ ಆರು ಅಂಕಗಳೂ ಸಮಾನ; ವಿರಳ ಗರವೆಂಬುದೇ ಇಲ್ಲ. ಮೇಲೆ ಹೇಳಿದ ಎಣಿಕೆಯಂತೆ ಕವಡೆಯಲ್ಲಿ ಒಂದು ಗರದ ಸರಾಸರಿ ಎರಡೂವರೆ ಮನೆ, ದಾಳದಲ್ಲಿ ಮೂರೂವರೆ. ಹೊಡೆಯದೆ ಒಳಹೊಗಬಾರದೆಂಬ ಕಟ್ಟು ಲೂಡೋವಿನಲ್ಲಿಲ್ಲ. ಹೀಗೆ ಮಣೆ, ಕಾಯಿ, ಸುತ್ತುಗಳೆಂಬ ಶರೀರವು ಹೋಲುತ್ತಿದ್ದರೂ ಆಟದ ಗತಿ ಬೇರೆಯಾಯಿತು. ಚೌಕಾಬಾರದಲ್ಲಿ ಓಡಿ ಬದುಕುವವನಿಗೆ ಗೆಲುವಿಲ್ಲ, ಲೂಡೋವಿನಲ್ಲಿ ಉಂಟು. ಇದರಲ್ಲಿ ಯಾವುದು ಲೇಸೆಂದು ನಾವು ತೀರ್ಮಾನಿಸುತ್ತಿಲ್ಲ. ಮಾರ್ಪಾಡು ಆಗಿದೆಯೆಂಬುದೇ ಹುಡುಗನಿಗೆ ತಿಳಿಯದು, ದೋಷವಿರುವುದು ಅಲ್ಲಿ.

೩

ಇದಕ್ಕೆ ವಿರುದ್ಧವಾದ ಉದಾಹರಣೆಯೊಂದು ಮೈಸೂರಿನಲ್ಲಿ ದೊರೆಯುತ್ತದೆ. ಲೂಡೋವಿನಲ್ಲಿ ಆಡುವವರು ಉಳಿದು ಗತಿ ಬದಲಾದರೆ, ಇಲ್ಲಿ ರೂಪ ಉಳಿದು ಆಡುವವರು ಇಲ್ಲವಾದರು.

ಗಂಜೀಫಾ ಎಂಬ ದುಂಡೆಲೆಗಳ ಆಟವು ಪರ್ಷಿಯದ ಕಡೆಯಿಂದ ಬಂದುದು. ೧೫೨೭ರಲ್ಲಿ ಬಾಬರನು ಈ ಎಲೆಗಳನ್ನು ಸಿಂಧಿನ ಷಾ ಹಸನನಿಗೆ ಕಳುಹಿಸಿದ ಸಂಗತಿಯನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೊಗಲರ ಗಂಜೀಫಾದಲ್ಲಿ ಕಿರೀಟ, ಖಡ್ಗ, ನಾಣ್ಯ ಮೊದಲಾದ ಎಂಟು ಬಣಗಳು, ಬಣಕ್ಕೆ ಹನ್ನೆರಡರಂತೆ ತೊಂಬತ್ತಾರು ಎಲೆಗಳು. ಹಿಂದೂ ಸಮಾಜವು ಅದನ್ನು ಸ್ವೀಕರಿಸಿದಾಗ ಬಣಗಳು ವಿಷ್ಣುವಿನ ಅವತಾರಗಳಾದುವು. ಹತ್ತು ಬಣಗಳಾಗಿ ಎಲೆಗಳು ನೂರಿಪ್ಪತ್ತಾದುವು. ಹೆಸರು ಮತ್ತು ಚಿತ್ರಗಳು ಪೂರ್ಣವಾಗಿ ಬದಲಾದರೂ, ರಾಜ, ಮಂತ್ರಿ, ಹತ್ತು ಅಂಕದೆಲೆಗಳೆಂಬ ಬಣದ ಒಳಕಟ್ಟು ಹಾಗೆಯೇ ಉಳಿಯಿತು. ಇದು ಸಮರ್ಥವಾದ ಪುನಾರಚನೆ.

ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಈ ಕೆಲಸವನ್ನು ಇನ್ನೂ ಮುಂದಕ್ಕೊಯ್ದರು. ೧೮೩೧ರಲ್ಲಿ ರಾಜ್ಯದ ಆಡಳಿತವು ಬ್ರಿಟಿಷರ ಕೈಸೇರಿದ ಮೇಲೆ ಅವರ ಆಸ್ಥಾನವು ವಿದ್ಯೆ ಮತ್ತು ಕಲೆಗಳ ಕಡೆಗೆ ವಿಶೇಷವಾಗಿ ತಿರುಗಿತು. ಒಂಬತ್ತು ನಿಧಿಗಳುಳ್ಳ ‘ಶ್ರೀತತ್ತ್ವನಿಧಿ’ಯ ಕಡೆಯ ಭಾಗವಾದ ಕೌತುಕನಿಧಿಯಲ್ಲಿ ಚದುರಂಗದ ಕುದುರೆಯ ನಡೆಗಳು, ಹೊಸ ಮಣೆಯಾಟಗಳು, ‘ಛದ’ಗಳೆಂಬ ಹಲವು ಬಗೆಯ ಎಲೆಯಾಟಗಳು ಸೇರಿವೆ. ಅವುಗಳಲ್ಲಿ ಕೆಲವಕ್ಕೆ ಮುನ್ನೂರಕ್ಕೂ ಮಿಕ್ಕ ಎಲೆಗಳು ಬೇಕು. ದೇವತೆಗಳು, ಗ್ರಹಗಳು, ರಾಶಿಗಳು ಎಲ್ಲವನ್ನೂ ಆಟದೊಳಗೆ ತರುವ ಮಹಾಸಂಕಲ್ಪವದು. ಆದರೆ ಅಷ್ಟು ಎಲೆಗಳನ್ನು ಬರೆಯಿಸಿ, ನೆನಪಿಟ್ಟು, ಆಡುವಷ್ಟು ವಿರಾಮ ಅರಮನೆಯ ಹೊರಗೆ ಯಾರಿಗಿತ್ತು? ಮೈಸೂರಿನ ಗಂಜೀಫಾ ಇಂದು ಚಿತ್ರಕಲೆಯೆಂದು ಗೌರವ ಪಡೆಯುತ್ತದೆ, ಆಡಬಲ್ಲವರು ಅತಿವಿರಳ. ಪುನಾರಚನೆಯಲ್ಲಿ ಎಷ್ಟು ಪಾಂಡಿತ್ಯವಿದ್ದರೂ ಆಡುವವನ ಕೈಗೆ ನಿಲುಕದಿದ್ದರೆ ಅದು ಸಂಗ್ರಹಾಲಯವನ್ನು ಸೇರುವುದೆಂಬ ಪಾಠ ಇಲ್ಲಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳ ಮೂಲಕ ಹಳೆಯ ಮಣೆಗಳನ್ನು ಕುಶಲಕರ್ಮಿಗಳಿಂದ ಹೊಸದಾಗಿ ಮಾಡಿಸಿ ಜನರ ಕೈಗೆ ಕೊಡುತ್ತ ಬಂದಿರುವುದು, ಈ ಕೊರತೆಯನ್ನರಿತು ಮಾಡಿದ ಶ್ಲಾಘ್ಯವಾದ ಕಾರ್ಯ.

೪

ಈ ಎರಡು ಉದಾಹರಣೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ವೀಡಿಯೋ ಆಟಗಳ ಕಡೆಗೆ ಬರೋಣ. ಆ ಉದ್ಯಮದವರು ಪೋರ್ಟ್, ರೀಮಾಸ್ಟರ್, ರೀಮೇಕ್ ಎಂದು ಮೂರು ಮಾತುಗಳನ್ನು ಬಳಸುತ್ತಾರೆ. ನಮ್ಮ ಪರಿಭಾಷೆಯಲ್ಲಿ ಇವನ್ನು ಪ್ರತಿ, ಜೀರ್ಣೋದ್ಧಾರ, ಪುನಾರಚನೆ ಎನ್ನಬಹುದು.

ಪ್ರತಿಯೆಂದರೆ ಹಳೆಯ ಓಲೆಯನ್ನು ಹೊಸ ಕಾಗದಕ್ಕೆ ಅಕ್ಷರಶಃ ಇಳಿಸಿದಂತೆ. ಹಳೆಯ ಯಂತ್ರಕ್ಕಾಗಿ ಬರೆದ ಆಟವನ್ನು ಹೊಸ ಯಂತ್ರದಲ್ಲಿ ಓಡುವಂತೆ ಮಾಡುವುದಷ್ಟೇ ಇಲ್ಲಿಯ ಕೆಲಸ.

ಜೀರ್ಣೋದ್ಧಾರದಲ್ಲಿ ಮೂಲವಿಗ್ರಹ ಸ್ಥಿರ. ಗೋಡೆ, ಛಾವಣಿ, ಬಣ್ಣ ಹೊಸವು. ೧೯೯೮ರ ‘ಸ್ಟಾರ್‌ಕ್ರಾಫ್ಟ್’ ಎಂಬ ಯುದ್ಧದಾಟವನ್ನು ೨೦೧೭ರಲ್ಲಿ ಹೀಗೆ ಉದ್ಧರಿಸಿದರು. ದಕ್ಷಿಣ ಕೊರಿಯಾದಲ್ಲಿ ಆ ಆಟವನ್ನೇ ವೃತ್ತಿಯಾಗಿ ಆಡುವವರಿದ್ದುದರಿಂದ ನಡೆಗಳಲ್ಲಿ ಏನೂ ಬದಲಿಸುವಂತಿರಲಿಲ್ಲ. ಚಿತ್ರಗಳನ್ನು ಮಾತ್ರ ನವೀಕರಿಸಿ, ಒಂದು ಕೀಲಿ ಒತ್ತಿದೊಡನೆ ಹಳೆಯ ಚಿತ್ರವೇ ಕಾಣುವಂತೆ ಏರ್ಪಡಿಸಿದರು. ಮೂಲ ಶ್ಲೋಕವನ್ನೂ ಟೀಕೆಯನ್ನೂ ಒಂದೇ ಪುಟದಲ್ಲಿ ಅಚ್ಚುಹಾಕುವ ನಮ್ಮ ಪದ್ಧತಿಗೆ ಇದು ಸಮಾನ. ಜಪಾನಿನಲ್ಲಿ ೨೦೦೫ರಲ್ಲಿ ಪ್ರಕಟವಾದ ‘ಷ್ಯಾಡೋ ಆಫ್ ದಿ ಕೊಲೊಸಸ್’ ಎಂಬ ಆಟವನ್ನು ೨೦೧೮ರಲ್ಲಿ ಉದ್ಧರಿಸಿದವರು ದೃಶ್ಯವೆಲ್ಲವನ್ನೂ ಹೊಸದಾಗಿ ಕಟ್ಟಿದರು. ಆದರೆ ಒಳಗಿನ ನಡೆಗಳಿಗೆ ಹಳೆಯ ರಚನೆಯನ್ನೇ ಆಧಾರವಾಗಿಟ್ಟುಕೊಂಡರು. ಇದಕ್ಕೆ ರೀಮೇಕ್ ಎಂಬ ಹೆಸರೇ ಬಳಕೆಯಲ್ಲಿದ್ದರೂ ಸ್ವಭಾವದಲ್ಲಿ ಜೀರ್ಣೋದ್ಧಾರವೇ.

ಮೂರನೆಯದು ಪುನಾರಚನೆ. ೧೯೯೭ರ ‘ಫೈನಲ್ ಫ್ಯಾಂಟಸಿ’ಯ ಏಳನೆಯ ಆಟವನ್ನು ಅದರ ಕರ್ತೃಸಂಸ್ಥೆಯೇ ಭಾಗಭಾಗವಾಗಿ ಮತ್ತೆ ರಚಿಸಿ ೨೦೨೦ರಲ್ಲಿ ಮೊದಲನೆಯದನ್ನೂ ೨೦೨೪ರಲ್ಲಿ ಎರಡನೆಯದನ್ನೂ ಹೊರತಂದಿತು. ಕಾದಾಟದ ಕ್ರಮ ಬದಲಾಯಿತು, ಕಥೆ ಹಿಗ್ಗಿತು. ಮೂಲದಲ್ಲಿಲ್ಲದ ಒಂದು ಬಗೆಯ ಛಾಯಾಪ್ರಾಣಿಗಳು ಹೊಸ ಕಥೆಯಲ್ಲಿ ಬರುತ್ತವೆ. ಪಾತ್ರಗಳು ಹಳೆಯ ಹಾದಿಯನ್ನು ಬಿಟ್ಟೊಡನೆ ಅವು ಅಡ್ಡಗಟ್ಟಿ ವಿಧಿಯ ದಾರಿಗೆ ಎಳೆಯುತ್ತವೆ. ಮೂಲಕ್ಕೆ ನಿಷ್ಠೆಯೋ ಸ್ವಾತಂತ್ರ್ಯವೋ ಎಂಬ ಪುನಾರಚಕನ ದ್ವಂದ್ವವೇ ಇಲ್ಲಿ ಕಥೆಯ ವಸ್ತುವಾಗಿದೆ.

ಪ್ರಕ್ಷೇಪವೆಂಬ ನಾಲ್ಕನೆಯದೂ ಒಂದುಂಟು. ೧೯೯೯ರ ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಆಟವು ೨೦೧೯ರಲ್ಲಿ ಉದ್ಧಾರವಾಯಿತು. ೨೦೧೩ರಲ್ಲಿ ಅದಕ್ಕೆ ಸೇರಿಸಿದ್ದ ‘ಭಾರತೀಯ’ರೆಂಬ ಒಂದೇ ಜನಾಂಗವನ್ನು ೨೦೨೨ರ ಪರಿಶಿಷ್ಟದಲ್ಲಿ ಒಡೆದು ದ್ರಾವಿಡ, ಬಂಗಾಳ, ಗುರ್ಜರ, ಹಿಂದೂಸ್ತಾನಿ ಎಂದು ನಾಲ್ಕು ಮಾಡಿದರು. ದ್ರಾವಿಡರಿಗೆ ರಾಜೇಂದ್ರ ಚೋಳನ ಕಥೆ ಬಂತು. ಚೋಳರೊಡನೆ ತಲೆತಲಾಂತರ ಹೋರಾಡಿದ ನಮ್ಮ ಚಾಲುಕ್ಯರಿಗೆ ಪ್ರತ್ಯೇಕ ಸ್ಥಾನ ದೊರೆಯಲಿಲ್ಲ. ಆದರೂ ಸೇರಿಕೆಯನ್ನು ಸೇರಿಕೆಯೆಂದೇ ಬೇರೆ ಹೆಸರಿನಿಂದ ಪ್ರಕಟಿಸಿದುದು ಸರಿಯಾದ ಕ್ರಮ. ಪುಣೆಯ ಭಂಡಾರಕರ ಸಂಶೋಧನ ಮಂದಿರದವರು ೧೯೩೩ರಿಂದ ೧೯೬೬ರವರೆಗೆ ಮಹಾಭಾರತದ ಸಂಶೋಧಿತ ಪಾಠವನ್ನು ಪ್ರಕಟಿಸುವಾಗ, ಮೂಲವಲ್ಲವೆಂದು ತೋರಿದ ಶ್ಲೋಕಗಳನ್ನು ಎಸೆಯದೆ ನಕ್ಷತ್ರಚಿಹ್ನೆಯಿಟ್ಟು ಕೆಳಗೆ ಕೊಟ್ಟರಲ್ಲವೆ?

೫

ಇಲ್ಲಿ ಒಂದು ಪೂರ್ವಪಕ್ಷ ಏಳಬಹುದು. ಪುನಾರಚಕನನ್ನು ಪಾಠಶುದ್ಧಿಯ ಕಟ್ಟಿಗೆ ಬಿಗಿಯುವುದು ಸರಿಯೆ? ಪಂಪನು ಕ್ರಿ.ಶ. ೯೪೧ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದಾಗ ಅರ್ಜುನನಲ್ಲಿ ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಕಂಡನು, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯನ್ನಾಗಿಸಿದನು. ಪಾಠಶುದ್ಧಿಯ ಅಳತೆಗೋಲಿನಿಂದ ನೋಡಿದರೆ ಇದು ಮಹಾಪರಾಧ. ಕಾವ್ಯದೃಷ್ಟಿಯಿಂದ ಕನ್ನಡದ ಭಾಗ್ಯ. ಆಟದ ಪುನಾರಚಕನಿಗೂ ಈ ಸ್ವಾತಂತ್ರ್ಯ ಏಕಿರಬಾರದು?

ಇರಲೇಬೇಕೆಂಬುದೇ ನಮ್ಮ ಅಭಿಪ್ರಾಯವೂ. ಆದರೆ ಪಂಪನು ಬರೆದಾಗ ವ್ಯಾಸಭಾರತವು ದೇಶದಿಂದ ಮಾಯವಾಗಲಿಲ್ಲ. ಓದುಗನು ಎರಡನ್ನೂ ಎದುರಿಟ್ಟುಕೊಂಡು ಪಂಪನು ಮಾಡಿದುದೇನೆಂಬುದನ್ನು ಅರಿಯಬಲ್ಲನಾಗಿದ್ದನು, ಇಂದಿಗೂ ಬಲ್ಲನು. ಕವಿಯ ಸ್ವಾತಂತ್ರ್ಯವು ಮೂಲವು ಬದುಕಿರುವುದರ ಮೇಲೆಯೇ ನಿಂತಿದೆ. ವೀಡಿಯೋ ಆಟಗಳಲ್ಲಿ ಈ ಆಧಾರವೇ ಕೆಲವೊಮ್ಮೆ ಕುಸಿಯುತ್ತದೆ.

೨೦೦೨ರ ‘ವಾರ್‌ಕ್ರಾಫ್ಟ್’ ಮೂರನೆಯ ಆಟವನ್ನು ೨೦೨೦ರಲ್ಲಿ ಹೊಸ ರೂಪದಲ್ಲಿ ಬಿಡುಗಡೆ ಮಾಡಿದಾಗ, ಹಳೆಯ ಪ್ರತಿಯನ್ನು ಕೊಂಡಿದ್ದವರ ಯಂತ್ರದಲ್ಲಿಯೂ ಜಾಲದ ಮೂಲಕ ಹೊಸ ಆವೃತ್ತಿಯೇ ಹಳೆಯದರ ಸ್ಥಾನಕ್ಕೆ ಬಂತು. ತೋರಿಸುವೆವೆಂದಿದ್ದ ದೃಶ್ಯಗಳು ಇರಲಿಲ್ಲ, ಹಿಂದೆ ಇದ್ದ ಕೆಲವು ಸೌಕರ್ಯಗಳೂ ಇರಲಿಲ್ಲ. ಅಸಮಾಧಾನ ಹೆಚ್ಚಿ ಹಣ ಹಿಂದಿರುಗಿಸಬೇಕಾಯಿತು. ೨೦೨೧ರ ನವೆಂಬರಿನಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಮಾಲೆಯ ಮೂರು ಹಳೆಯ ಆಟಗಳು ಹೊಸ ರೂಪದಲ್ಲಿ ಬರುವ ಮುಂಚೆಯೇ ಮೂಲಗಳನ್ನು ಮಾರಾಟದಿಂದ ಹಿಂತೆಗೆದುಕೊಂಡಿದ್ದರು. ಹೊಸದರಲ್ಲಿ ದೋಷಗಳು ತುಂಬಿದ್ದುದರಿಂದ ಪ್ರಕಾಶಕರು ಕ್ಷಮೆ ಬೇಡಿ, ಗಣಕಯಂತ್ರದ ಆಟಗಾರರಿಗೆ ಹಳೆಯವನ್ನು ಮತ್ತೆ ಒದಗಿಸಿದರು.

ಓಲೆಗಳನ್ನು ಹೊಸದಾಗಿ ಪ್ರತಿಮಾಡಿದ ಮೇಲೆ ಹಳೆಯವನ್ನು ಹೊಳೆಗೆ ಬಿಡುವ ವಾಡಿಕೆ ನಮ್ಮಲ್ಲಿಯೂ ಇತ್ತು. ಬಿಟ್ಟವನ ಮನಸ್ಸಿನಲ್ಲಿ ಭಕ್ತಿಯೇ ಇತ್ತು. ಆದರೆ ಪ್ರತಿಕಾರನು ಮಾಡಿದ ತಪ್ಪನ್ನು ತಿದ್ದುವ ಸಾಧನವೂ ಆ ನೀರಿನಲ್ಲಿಯೇ ಹೋಯಿತು. ಅದೇ ವಾಡಿಕೆ ಇಂದು ವ್ಯಾಪಾರದ ಕಾರಣದಿಂದ ಮರಳಿ ಬಂದಿದೆ. ಆಗಮಗಳಲ್ಲಿ ಜೀರ್ಣೋದ್ಧಾರದ ವಿಧಿ ಎಷ್ಟು ಎಚ್ಚರಿಕೆಯದು! ಗುಡಿಯ ಕೆಲಸ ಮುಗಿಯುವವರೆಗೆ ದೇವತಾಸಾನ್ನಿಧ್ಯವನ್ನು ಬಾಲಾಲಯದಲ್ಲಿರಿಸಿ ಪೂಜೆ ತಪ್ಪದಂತೆ ನೋಡಿಕೊಳ್ಳಬೇಕು. ಹೊಸದು ಸಿದ್ಧವಾಗುವವರೆಗೆ ಹಳೆಯದು ನಡೆಯುತ್ತಿರಬೇಕೆಂಬುದೇ ಅದರ ತಾತ್ಪರ್ಯ.

ನಷ್ಟದ ಪ್ರಮಾಣ ಸಣ್ಣದಲ್ಲ. ೨೦೧೦ಕ್ಕೆ ಮೊದಲು ಅಮೆರಿಕದಲ್ಲಿ ಪ್ರಕಟವಾದ ವೀಡಿಯೋ ಆಟಗಳಲ್ಲಿ ನೂರಕ್ಕೆ ಎಂಬತ್ತೇಳರಷ್ಟು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ಅಲ್ಲಿಯ ವೀಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ನಿನ ೨೦೨೩ರ ಅಧ್ಯಯನವು ಕಂಡುಕೊಂಡಿತು. ಕೆಲವೊಮ್ಮೆ ದೈವಯೋಗದಿಂದ ಮೂಲ ಸಿಗುವುದೂ ಉಂಟು. ೧೯೮೯ರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಆಟವನ್ನು ರಚಿಸಿದ ಜಾರ್ಡನ್ ಮೆಕ್ನರನು ಅದರ ಮೂಲಲಿಪಿ ಕಳೆದುಹೋಯಿತೆಂದೇ ತಿಳಿದಿದ್ದನು. ಅವನ ತಂದೆಗೆ ಹಳೆಯ ಪೆಟ್ಟಿಗೆಯೊಂದರಲ್ಲಿ ದೊರೆತ ಫ್ಲಾಪಿ ತಟ್ಟೆಗಳಿಂದ ಅದನ್ನು ಹೊರತೆಗೆದು, ೨೦೧೨ರಲ್ಲಿ ಯಾರು ಬೇಕಾದರೂ ಓದುವಂತೆ ಪ್ರಕಟಿಸಿದರು. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಓಲೆಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ ೧೯೦೯ರಲ್ಲಿ ಮುದ್ರಿಸಿದ ವೃತ್ತಾಂತವನ್ನು ಇದು ನೆನಪಿಗೆ ತರುತ್ತದೆ. ಇಂಥ ಯೋಗ ಎಲ್ಲಕ್ಕೂ ಒದಗದು.

೬

ಇದುವರೆಗಿನ ವಿಚಾರದಿಂದ ಪುನಾರಚಕನ ಧರ್ಮಗಳು ಮೂರೆಂದು ಸಿದ್ಧವಾಗುತ್ತವೆ. ಮೊದಲನೆಯದು ಮೂಲರಕ್ಷಣೆ: ಹೊಸದು ಬಂದ ಕಾರಣಕ್ಕೆ ಹಳೆಯದನ್ನು ಜನರ ಕೈಯಿಂದ ಕಸಿಯಬಾರದು. ಎರಡನೆಯದು ಗತಿಜ್ಞಾನ: ಆಟದ ಜೀವವು ಚಿತ್ರದಲ್ಲಿಲ್ಲ, ನಡೆಯಲ್ಲಿದೆ, ನಡೆಯನ್ನು ಬದಲಿಸುವವನು ಅದರ ಕಾರಣವನ್ನು ಮೊದಲು ಅರಿಯಬೇಕು. ಮೂರನೆಯದು ಪಾಠಾಂತರಸೂಚನೆ: ಬದಲಿಸಿದುದನ್ನು ಬದಲಿಸಿದೆನೆಂದು ಹೇಳಬೇಕು. ಈ ಮೂರೂ ಇದ್ದಲ್ಲಿ ಎಷ್ಟು ಸ್ವಾತಂತ್ರ್ಯ ವಹಿಸಿದರೂ ಹಾನಿಯಿಲ್ಲ.

ಪರದೇಶದ ಉದ್ಯಮಿಗಳಿಗೆ ಧರ್ಮವನ್ನು ವಿಧಿಸಿ ನಾವು ಸುಮ್ಮನೆ ಕೂಡುವುದು ಉಚಿತವಲ್ಲ. ಕರ್ನಾಟಕ ಸರ್ಕಾರವು ೨೦೧೨ರಲ್ಲಿಯೇ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಗಳಿಗಾಗಿ ನೀತಿಯೊಂದನ್ನು ಘೋಷಿಸಿತು. ೨೦೨೪ರಲ್ಲಿ ಅದು ನವೀಕೃತವಾಗಿದೆ. ಬೆಂಗಳೂರಿನ ತರುಣರು ನಾಳೆ ಚೌಕಾಬಾರವನ್ನೋ ಅಳಗುಳಿಮಣೆಯನ್ನೋ ಹುಲಿಕಟ್ಟನ್ನೋ ಮೊಬೈಲಿಗೆ ತರಬಯಸಿದರೆ ಯಾವ ಗ್ರಂಥವನ್ನು ನೋಡಬೇಕು? ಮೆಹಕರದ ಅಜ್ಜಿಯ ಪಾಠವೇ ಔರಾದದಲ್ಲಿಯೂ ಇದೆಯೆಂದು ಹೇಳಲಾಗದು. ಕನ್ನಡ, ಮರಾಠಿ, ಉರ್ದು, ತೆಲುಗುಗಳು ಸೇರುವ ಈ ಗಡಿಸೀಮೆಯಲ್ಲಿ ಆಟದ ಹೆಸರು, ಕಟ್ಟೆಗಳ ಎಣಿಕೆ, ಮರುಗರದ ನಿಯಮಗಳು ಊರಿಂದೂರಿಗೆ ಬೇರೆಯಾಗುವುದು ಸಹಜ. ಇವನ್ನು ಸಂಗ್ರಹಿಸದಿದ್ದರೆ ತರುಣರು ಕೈಗೆ ಸಿಕ್ಕಿದ ಲೂಡೋವನ್ನೇ ಮೂಲವೆಂದು ಭಾವಿಸಿ ಅದಕ್ಕೆ ಕನ್ನಡದ ಬಣ್ಣ ಬಳಿಯುವರು.

ಆದುದರಿಂದ ಸಾಹಿತ್ಯದ ಅಧ್ಯಾಪಕರಲ್ಲಿ ನಮ್ಮ ವಿನಂತಿ ಇಷ್ಟೆ. ಜನಪದ ಗೀತೆಗಳನ್ನು ಸಂಗ್ರಹಿಸುವಂತೆ ವಿದ್ಯಾರ್ಥಿಗಳಿಂದ ಆಟಗಳ ಪಾಠಗಳನ್ನೂ ಸಂಗ್ರಹಿಸಬೇಕು. ಆಡಿದವರ ಊರು, ಮಣೆಯ ನಕ್ಷೆ, ಕವಡೆ ಎಷ್ಟು, ಯಾವ ಗರಕ್ಕೆ ಏನು ಹೆಸರು, ಯಾವಾಗ ಹೊಡೆಯಬಾರದು, ಜಗಳ ಬಂದರೆ ಹಿರಿಯರು ಹೇಗೆ ತೀರ್ಮಾನಿಸುತ್ತಿದ್ದರು ಎಂಬುದನ್ನೆಲ್ಲ ಕೇಳಿ ಬರೆದುಕೊಳ್ಳಬೇಕು. ಬರೆದುಕೊಂಡ ಬಳಿಕ ಅದರಂತೆಯೇ ಒಮ್ಮೆ ಆಡಿನೋಡಬೇಕು; ಆಡುವಾಗ ತಡೆಯುಂಟಾದ ಕಡೆಯಲ್ಲಿ ಬರವಣಿಗೆಯಲ್ಲಿ ಲೋಪವಿದೆಯೆಂದು ತಿಳಿಯಬೇಕು. ಸೋಮೇಶ್ವರನ ಗ್ರಂಥದಲ್ಲಿ ನಮಗೆ ದಕ್ಕದೆ ಹೋದುದು ಈ ಭಾಗವೇ.

ಆ ಸಂಜೆಯ ಆಟವನ್ನು ನಾವು ಕಡೆಯವರೆಗೆ ನೋಡಿದೆವು. ಹುಡುಗನು ಅಜ್ಜಿಯ ಕಾಯೊಂದನ್ನು ಹೊಡೆದು, ಒಳಹೊಕ್ಕು, ಹಣ್ಣುಮಾಡಿಕೊಂಡನು. ಅನಂತರ ಆಕೆ ಹೇಳಿದ ನಿಯಮಗಳನ್ನು ನಾವು ಒಂದೊಂದಾಗಿ ಬರೆದುಕೊಂಡೆವು; ಹದಿನಾಲ್ಕಾದುವು. ಬರೆದುದನ್ನು ಓದಿ ಹೇಳಿದಾಗ ಆಕೆ ಎರಡನ್ನು ತಿದ್ದಿದರು. ಈ ಲೇಖನದಲ್ಲಿಯೂ ತಿದ್ದತಕ್ಕ ಅಂಶಗಳಿದ್ದರೆ, ಬಲ್ಲವರು ತಮ್ಮ ಊರಿನ ಪಾಠದೊಡನೆ ತಿಳಿಸಬೇಕೆಂದು ಪ್ರಾರ್ಥನೆ.